ಬ್ರೇಕ್ ಆಯಿಲ್ ಎಣ್ಣೆಯಲ್ಲ: ಹಳೆಯ ಅಂಬಾಸಿಡರ್‌ನ ಬ್ರೇಕು, ಕ್ರೌನು ಮತ್ತು ಒಂದು ಲೋಟ ನೀರು

ಹೆಬ್ರಿ ದಾಟಿ ಸೋಮೇಶ್ವರದ ಹತ್ತಿರ ಬರುವಾಗ ಗಾಡಿ ಎಳೆಯುತ್ತಿಲ್ಲ ಅನಿಸಿತು. ಘಾಟಿ ಇನ್ನೂ ಶುರುವಾಗಿರಲಿಲ್ಲ. ಆರಾಮವಾಗಿ ಟಾಪ್ ಗೇರಿನಲ್ಲಿ ಹೋಗಬೇಕಾದ ಜಾಗದಲ್ಲಿ ಮೂರಕ್ಕೆ ಇಳಿಸಿದೆ, ಆಮೇಲೆ ಎರಡಕ್ಕೆ. ಸ್ವಲ್ಪ ಹೊತ್ತಿಗೆ ಸುಟ್ಟ ವಾಸನೆ. ಇಳಿದು ಮುಂದಿನ ಚಕ್ರದ ಹತ್ತಿರ ಕೈ ಹಿಡಿದರೆ ಒಲೆ ಮುಂದೆ ಹಿಡಿದ ಹಾಗೆ ಕಾವು. ಪಕ್ಕದಲ್ಲಿದ್ದ ಮಾವ, "ಕ್ಲಚ್ ಹೋಯ್ತು ನೋಡೋ" ಅಂದರು. ಕ್ಲಚ್ ಅಲ್ಲ. ಹಿಡಿದ ಬ್ರೇಕು ಬಿಡುತ್ತಲೇ ಇರಲಿಲ್ಲ.

ಮುಕ್ಕಾಲು ಗಂಟೆ ನೆರಳಲ್ಲಿ ನಿಂತ ಮೇಲೆ ಚಕ್ರ ಸ್ವಲ್ಪ ಸಡಿಲವಾಯಿತು. ಆಗುಂಬೆ ಆಸೆ ಬಿಟ್ಟು ನಿಧಾನಕ್ಕೆ ಹೆಬ್ರಿಗೆ ವಾಪಸ್ ಬಂದೆವು. ಅಲ್ಲಿನ ಒಬ್ಬ ಹಿರಿಯ ಮೆಕ್ಯಾನಿಕ್ ಜಾಕ್ ತರಲಿಲ್ಲ, ಸ್ಪ್ಯಾನರ್ ತರಲಿಲ್ಲ. ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳ ತೆಗೆದರು, ಒಂದು ಕಡ್ಡಿ ಅದ್ದಿದರು, ಕುಡಿಯುವ ನೀರಿನ ಲೋಟದ ಮೇಲೆ ಎರಡು ತೊಟ್ಟು ಬೀಳಿಸಿದರು. ತೊಟ್ಟು ಪೂರ್ತಿ ಕರಗಲಿಲ್ಲ. ಸಾರಿನ ಮೇಲೆ ಒಗ್ಗರಣೆ ಎಣ್ಣೆ ತೇಲುತ್ತದಲ್ಲ, ಹಾಗೆ ಕಣ್ಣುಕಣ್ಣಾಗಿ ನೀರಿನ ಮೇಲೆ ನಿಂತಿತು. "ಮಾರಾಯ್ರೇ, ಇದಕ್ಕೆ ಎಣ್ಣೆ ಹಾಕಿದ್ದು ಯಾರು?" ಅಂತ ಕೇಳಿದರು.

ಯಾರು ಅಂತ ಗೊತ್ತಿತ್ತು. ಹೊರಡುವ ಹಿಂದಿನ ವಾರ ಗಾಡಿ ತೊಳೆಯಲು ಕೊಟ್ಟ ಕಡೆ ಲೆವೆಲ್ ಕಮ್ಮಿ ಇದೆ ಅಂತ ಸುರಿದಿದ್ದರು, ಒಳ್ಳೆ ಮನಸ್ಸಿನಿಂದಲೇ. ಯಾವ ಬಾಟಲಿಯಿಂದ ಸುರಿದರು ಅಂತ ನಾನು ಕೇಳಿರಲಿಲ್ಲ. ಆ ತಪ್ಪು ನನ್ನದು.

ನಮ್ಮಲ್ಲಿ ಎಲ್ಲರೂ ಬ್ರೇಕ್ ಆಯಿಲ್ ಅಂತಲೇ ಹೇಳುತ್ತೇವೆ, ಇಲ್ಲೂ ಹಾಗೇ ಬರೆಯುತ್ತೇನೆ. ಆದರೆ ಅರ್ಧ ತೊಂದರೆ ಈ ಹೆಸರಿನಿಂದಲೇ ಬಂದಿದೆ. ಅದು ಎಣ್ಣೆ ಅಲ್ಲ, ಗ್ಲೈಕಾಲ್ ಜಾತಿಯ ದ್ರವ. ನೀರಿನಲ್ಲಿ ಕರಗುತ್ತದೆ. ಬ್ರೇಕಿನ ಒಳಗಿರುವ ರಬ್ಬರ್ ಕಪ್‌ಗಳನ್ನು, ಅಂದರೆ ನಮ್ಮ ಮೆಕ್ಯಾನಿಕ್‌ಗಳು ವಾಷರ್ ಅನ್ನುವುದನ್ನು, ಈ ದ್ರವಕ್ಕೆ ಹೊಂದುವ ಹಾಗೆ ಮಾಡಿರುತ್ತಾರೆ. ಇಂಜಿನ್ ಆಯಿಲ್, ಗೇರ್ ಆಯಿಲ್, ಪವರ್ ಸ್ಟೀರಿಂಗ್ ಆಯಿಲ್, ಡೀಸೆಲ್, ಸೀಮೆಎಣ್ಣೆ, ಯಾವುದು ತಾಗಿದರೂ ಆ ರಬ್ಬರ್ ಉಬ್ಬುತ್ತದೆ. ಕ್ರೌನ್, ಅಂದರೆ ಹಿಂದಿನ ಆಕ್ಸಲ್ ನಡುವೆ ಕೂತು ಚಕ್ರಗಳನ್ನು ತಿರುಗಿಸುವ ದೊಡ್ಡ ಗೇರು, ಅದರ ಕಡೆ ಹೋದರೆ ಕಥೆ ಬೇರೆ. ಅಲ್ಲಿ ನಿಜವಾದ ಎಣ್ಣೆಯೇ ಬೇಕು, ಅದರಲ್ಲೂ ಹಲ್ಲು ಹಲ್ಲನ್ನು ಉಜ್ಜುವ ಜಾಗಕ್ಕೆ ಬೇಕಾದ ಮದ್ದು ಸೇರಿಸಿದ ಎಣ್ಣೆ. ಹಾಗಾಗಿ ಹಳೆಯ ಗಾಡಿಗೆ ಆಯಿಲ್ ಆರಿಸುವಾಗ ಮೊದಲು ಕೇಳಬೇಕಾದ್ದು ಬೆಲೆ ಎಷ್ಟು, ನಂಬರ್ ಎಷ್ಟು ಅಂತಲ್ಲ. ಇದು ಒಳಗೆ ಹೋಗಿ ಯಾವುದಕ್ಕೆ ತಾಗುತ್ತದೆ, ರಬ್ಬರಿಗಾ, ಹಿತ್ತಾಳೆಗಾ, ಉಕ್ಕಿನ ಹಲ್ಲಿಗಾ ಅಂತ. ಪಾರ್ಟ್ಸ್ ಬದಲಿಸುವ ಮೊದಲು ಒಳಗೆ ಈಗ ಏನಿದೆ ಅಂತ ನೋಡಿ. ಎಷ್ಟೋ ದೋಷಗಳು ಬಾಟಲಿಯಿಂದಲೇ ಒಳಗೆ ಹೋಗಿರುತ್ತವೆ.

ಇಲ್ಲಿ ಬರೆದಿರುವುದು ನನ್ನ ಅಂಬಾಸಿಡರ್ ಮಾರ್ಕ್ ಫೋರ್ ಇಟ್ಟುಕೊಂಡು. ಉತ್ತರಪಾರಾದಲ್ಲಿ 2014ರವರೆಗೂ ತಯಾರಾದ ಈ ಗಾಡಿಯ ಮೂಲ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ ಥ್ರೀ. ಹಿಂದಿನ ಚಕ್ರ ತಿರುಗುವ, ಡ್ರಮ್ ಬ್ರೇಕಿನ ಗಾಡಿ. ಪ್ರೀಮಿಯರ್ ಪದ್ಮಿನಿಗೂ ಹಳೆಯ ಜೀಪಿಗೂ ಬಹುಪಾಲು ಇದೇ ಲೆಕ್ಕ.

ಮೊದಲು ಲೋಟದ ಪರೀಕ್ಷೆ

ಬಣ್ಣ ನೋಡಿ ನಿರ್ಧಾರ ಮಾಡಬೇಡಿ. ಹೊಸ ಬ್ರೇಕ್ ಆಯಿಲ್ ಸಾಮಾನ್ಯವಾಗಿ ನೀರಿನ ಹಾಗೆ ಅಥವಾ ತೆಳು ಹಳದಿ ಇರುತ್ತದೆ. ಹಳತಾದರೆ ಚಹಾ ಡಿಕಾಕ್ಷನ್ ಥರ ಕಂದು. ಕಪ್ಪಗಿದ್ದರೆ ರಬ್ಬರ್ ಕರಗಿ ಸೇರಿರಬಹುದು. ಆದರೆ ಹಿಂದೆ ಕೆಂಪು ಬಣ್ಣದ ಅಸಲಿ ಬ್ರೇಕ್ ಆಯಿಲ್ ಕೂಡ ಇತ್ತು, ಪವರ್ ಸ್ಟೀರಿಂಗ್ ಆಯಿಲ್ ಕೂಡ ಕೆಂಪು. ಕಣ್ಣು ಇಲ್ಲಿ ಸಾಲದು.

ಒಂದು ಗಾಜಿನ ಲೋಟದಲ್ಲಿ ನೀರು ತೆಗೆದುಕೊಳ್ಳಿ. ಡಬ್ಬಿಯ ಮೇಲ್ಭಾಗದಿಂದ ನಾಲ್ಕು ತೊಟ್ಟು ಹಾಕಿ, ಚಮಚದಿಂದ ಕಲಕಿ, ಐದು ನಿಮಿಷ ಬಿಡಿ. ಅಸಲಿ ಬ್ರೇಕ್ ಆಯಿಲ್ ಆದರೆ ನೀರಿನಲ್ಲಿ ಪೂರ್ತಿ ಸೇರಿಹೋಗುತ್ತದೆ. ಎಣ್ಣೆ ಆದರೆ ಮೇಲೆ ತೇಲುತ್ತದೆ, ಬೆಳಕಿಗೆ ಹಿಡಿದರೆ ಕಾಮನಬಿಲ್ಲಿನ ಹಾಗೆ ಪದರ ಕಾಣುತ್ತದೆ. ಎರಡೂ ಬೆರೆತಿದ್ದರೆ ಸ್ವಲ್ಪ ಕರಗಿ ಸ್ವಲ್ಪ ತೇಲುತ್ತದೆ, ನನ್ನ ಗಾಡಿಯಲ್ಲಿ ಆದದ್ದು ಅದೇ. ಡಾಟ್ 5 (ಡಾಟ್ ಅನ್ನುವುದು ಬ್ರೇಕ್ ಆಯಿಲ್‌ನ ದರ್ಜೆ) ಅನ್ನುವ ಸಿಲಿಕೋನ್ ದ್ರವ ಕೂಡ ನೀರಿಗೆ ಸೇರುವುದಿಲ್ಲ, ಅದಕ್ಕೆ ನೇರಳೆ ಬಣ್ಣ ಹಾಕಿರುತ್ತಾರೆ. ಹೊರದೇಶದಿಂದ ಬಂದ ವಿಂಟೇಜ್ ಗಾಡಿ ಆದರೆ ಅದನ್ನೂ ಮನಸ್ಸಿನಲ್ಲಿಟ್ಟುಕೊಳ್ಳಿ. ಲೋಟವನ್ನು ಆಮೇಲೆ ಅಡುಗೆಮನೆಗೆ ವಾಪಸ್ ಕೊಡಬೇಡಿ. ಈ ದ್ರವ ವಿಷ.

ಇನ್ನೂ ಖಾತ್ರಿ ಬೇಕು ಅಂದರೆ ವೀಲ್ ಸಿಲಿಂಡರ್‌ನ, ಅಂದರೆ ಚಕ್ರದಲ್ಲಿ ಬ್ರೇಕ್ ಶೂ ತಳ್ಳುವ ಸಣ್ಣ ಸಿಲಿಂಡರ್‌ನ, ಒಂದು ಹೊಸ ಕಿಟ್ ತಂದು, ಅದರ ಒಂದು ರಬ್ಬರ್ ಕಪ್ಪನ್ನು ಅನುಮಾನದ ಆಯಿಲ್‌ನಲ್ಲಿ ಮುಳುಗಿಸಿ ಎರಡು ದಿನ ಬಿಡಿ. ನಾನು ಉಪ್ಪಿನಕಾಯಿ ಬಾಟಲಿಯಲ್ಲಿ ಹಾಕಿಟ್ಟಿದ್ದೆ. ತೆಗೆದು ಒರೆಸಿ ಜೋಡಿ ಕಪ್ಪಿನ ಪಕ್ಕ ಇಟ್ಟಾಗ ಗೊತ್ತಾಯಿತು: ಹೊಸದು ಗಟ್ಟಿ, ಅಂಚು ಚೂಪು. ಮುಳುಗಿದ್ದು ಮೆತ್ತಗೆ, ಅಂಚು ತುಟಿ ಊದಿದ ಹಾಗೆ ಹೊರಕ್ಕೆ ಮಗುಚಿತ್ತು, ಸಿಲಿಂಡರ್ ಒಳಗೆ ಹಾಕಲು ಹೋದರೆ ಬೆರಳಿಂದ ಒತ್ತಿ ತುರುಕಬೇಕಾಯಿತು. ಪೆಡಲ್ ಬಿಟ್ಟಾಗ ಜಾರಿ ಹಿಂದೆ ಬರಬೇಕಾದ ಕಪ್ಪು ಇದು. ಹೀಗೆ ಊದಿಕೊಂಡರೆ ಎಲ್ಲಿಂದ ಬರುತ್ತದೆ?

ಚಕ್ರ ಹಿಡಿದುಕೊಂಡರೆ ಎಲ್ಲಿಂದ ಹುಡುಕಬೇಕು

ಪೆಡಲ್ ಒತ್ತಿದಾಗ ಆಯಿಲನ್ನು ಚಕ್ರಗಳ ಕಡೆ ತಳ್ಳುವ ಮಾಸ್ಟರ್ ಸಿಲಿಂಡರ್ ಒಳಗೆ ಎರಡು ತೂತು ಇವೆ. ಒಂದು ದೊಡ್ಡದು, ಇನ್ನೊಂದು ಸೂಜಿ ಗಾತ್ರದ್ದು. ಪೆಡಲ್ ಪೂರ್ತಿ ಬಿಟ್ಟಾಗ ಆ ಸೂಜಿ ತೂತು ತೆರೆದುಕೊಂಡು, ಲೈನಿನಲ್ಲಿ ಉಳಿದ ಒತ್ತಡ ಡಬ್ಬಿಗೆ ವಾಪಸ್ ಹೋಗಬೇಕು. ಕಪ್ಪು ಉಬ್ಬಿ ಅದರ ಮೇಲೆ ಕೂತರೆ ಒತ್ತಡಕ್ಕೆ ದಾರಿ ಇಲ್ಲ. ಚಕ್ರ ಸ್ವಲ್ಪ ಹಿಡಿಯುತ್ತದೆ, ಉಜ್ಜಿ ಬಿಸಿಯಾಗುತ್ತದೆ, ಬಿಸಿಗೆ ಆಯಿಲ್ ಹಿಗ್ಗುತ್ತದೆ, ಹಿಗ್ಗಿದ್ದಕ್ಕೆ ಇನ್ನೂ ಜಾಸ್ತಿ ಹಿಡಿಯುತ್ತದೆ. ನಿಲ್ಲಿಸಿ ತಣ್ಣಗಾದ ಮೇಲೆ ಬಿಡುವುದು ಇದೇ ಕಾರಣಕ್ಕೆ. ಪೆಡಲ್ ಆಗ ಕಲ್ಲಿನ ಹಾಗೆ ಗಟ್ಟಿ ಇರುತ್ತದೆ, ಕೆಳಗೆ ಇಳಿಯುವುದೇ ಇಲ್ಲ.

ಇದನ್ನು ಕಣ್ಣಾರೆ ನೋಡಬಹುದು. ಡಬ್ಬಿ ಮುಚ್ಚಳ ತೆಗೆದು ಒಬ್ಬರು ಒಳಗೆ ಬಗ್ಗಿ ನೋಡಿ, ಇನ್ನೊಬ್ಬರು ಪೆಡಲನ್ನು ಬಹಳ ಮೆಲ್ಲಗೆ ಒತ್ತಲಿ. ಮೊದಲ ಚೂರು ಒತ್ತಿದಾಗ ಆಯಿಲ್ ಮೇಲೆ ಸಣ್ಣ ಅಲೆ ಅಥವಾ ಚಿಲುಮೆ ಏಳಬೇಕು. ಎದ್ದರೆ ಸೂಜಿ ತೂತು ತೆರೆದಿದೆ. ಏಳಲಿಲ್ಲ ಅಂದರೆ ಮುಚ್ಚಿದೆ. ಮುಖ ತುಂಬಾ ಹತ್ತಿರ ಹಿಡಿಯಬೇಡಿ, ಕಣ್ಣಿಗೆ ಹಾರುತ್ತದೆ.

ತೂತು ಮುಚ್ಚಿದೆ ಅಂದ ಕೂಡಲೇ ರಬ್ಬರ್ ಉಬ್ಬಿದೆ ಅಂತಲೂ ಅಲ್ಲ. ಪೆಡಲ್‌ಗೂ ಮಾಸ್ಟರ್ ಸಿಲಿಂಡರ್ ಪಿಸ್ಟನ್‌ಗೂ ನಡುವಿನ ರಾಡ್‌ನಲ್ಲಿ ಸ್ವಲ್ಪ ಖಾಲಿ ಆಟ ಇರಬೇಕು, ಹೆಚ್ಚೆಂದರೆ ಒಂದು ಮಿಲಿಮೀಟರ್. ಯಾರಾದರೂ ಪೆಡಲ್ ಮೇಲೆ ಬರಲಿ ಅಂತ ರಾಡನ್ನು ಉದ್ದ ಮಾಡಿದ್ದರೆ ಪಿಸ್ಟನ್ ಪೂರ್ತಿ ಹಿಂದೆ ಬರುವುದಿಲ್ಲ, ತೂತು ತೆರೆಯುವುದಿಲ್ಲ, ಲಕ್ಷಣ ಎಲ್ಲ ಅದೇ. ಹಾಗಾಗಿ ಮೊದಲು ಪೆಡಲನ್ನು ಬೆರಳಿನಿಂದ ಒತ್ತಿ ನೋಡಿ. ಶುರುವಿನಲ್ಲಿ ಸ್ವಲ್ಪ ಸಡಿಲ ಸಿಕ್ಕಬೇಕು. ಇದಕ್ಕೆ ಕಾಸಿನ ಖರ್ಚಿಲ್ಲ.

ಇನ್ನು ಚಕ್ರ ಹಿಡಿದಿರುವಾಗಲೇ ಮಾಡುವ ಪರೀಕ್ಷೆ. ಗಾಡಿಯನ್ನು ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಬೇರೆ ಚಕ್ರಗಳಿಗೆ ಕಲ್ಲು ಕೊಟ್ಟು, ಜಾಕ್ ಎತ್ತಿದ ಮೇಲೆ ಸ್ಟ್ಯಾಂಡ್ ಇಡಿ. ಬರೀ ಜಾಕ್ ನಂಬಿ ಕೆಳಗೆ ಹೋಗಬೇಡಿ, ದಯವಿಟ್ಟು. ಬಿಸಿ ಡ್ರಮ್ಮಿಗೆ ನೀರು ಸುರಿಯಬೇಡಿ, ಬೀಡು ಕಬ್ಬಿಣ ಸೀಳುತ್ತದೆ. ಹಿಡಿದ ಚಕ್ರದ ಬ್ಲೀಡ್ ನಿಪ್ಪಲ್ (ಲೈನಿನ ಗಾಳಿ ತೆಗೆಯುವ ಸಣ್ಣ ಸ್ಕ್ರೂ) ಅನ್ನು ಕಾಲು ಸುತ್ತು ಸಡಿಲಿಸಿ. ಆಯಿಲ್ ಜೋರಾಗಿ ಚಿಮ್ಮಿ ಚಕ್ರ ತಿರುಗಿತು ಅಂದರೆ ಒತ್ತಡ ಲೈನಿನಲ್ಲಿ ಸಿಕ್ಕಿಕೊಂಡಿತ್ತು. ಡ್ರಮ್ ಬ್ರೇಕಿನ ಲೈನಿನಲ್ಲಿ ಸ್ವಲ್ಪ ಒತ್ತಡ ಉಳಿಸುವ ವಾಲ್ವ್ ಇರುವುದುಂಟು, ಹಾಗಾಗಿ ನಾಲ್ಕು ಹನಿ ಬಂದರೆ ಗಾಬರಿ ಬೇಡ. ಚಕ್ರ ಹಿಡಿಯುವಷ್ಟು ಇರಬಾರದು, ಅಷ್ಟೇ. ನಿಪ್ಪಲ್ ಬಿಚ್ಚಿದರೂ ಚಕ್ರ ಹಾಗೇ ಹಿಡಿದಿದ್ದರೆ ಆಯಿಲ್ ಮಾತು ಬಿಡಿ: ಡ್ರಮ್ ಬಿಚ್ಚಿ ತುಕ್ಕು ಹಿಡಿದ ಪಿಸ್ಟನ್, ಸತ್ತ ಸ್ಪ್ರಿಂಗ್ ಅಥವಾ ಹಿಂದಿನ ಚಕ್ರವಾದರೆ ಹ್ಯಾಂಡ್‌ಬ್ರೇಕ್ ಕೇಬಲ್ ನೋಡಿ.

ಒತ್ತಡ ಸಿಕ್ಕಿಕೊಂಡಿದೆ ಅಂತ ಆದರೆ, ಮತ್ತೆ ಹಿಡಿಯುವ ಹಾಗೆ ಪೆಡಲ್ ಒತ್ತಿ, ಈ ಸಲ ಮಾಸ್ಟರ್ ಸಿಲಿಂಡರ್‌ನಿಂದ ಹೊರಡುವ ಪೈಪಿನ ನಟ್ ಸಡಿಲಿಸಿ. ಇಲ್ಲಿ ಬಿಟ್ಟಿತು ಅಂದರೆ ದೋಷ ಮಾಸ್ಟರ್‌ನಲ್ಲಿ. ಇಲ್ಲಿ ಬಿಡದೆ ಚಕ್ರದ ನಿಪ್ಪಲ್‌ನಲ್ಲಿ ಮಾತ್ರ ಬಿಟ್ಟರೆ ನಡುವಿನ ರಬ್ಬರ್ ಹೋಸ್ ಒಳಗಡೆ ಉಬ್ಬಿ ಮುಚ್ಚಿದೆ. ಹೊರಗಿಂದ ನೋಡಿದರೆ ಹೋಸ್ ಹೊಸದರ ಹಾಗೇ ಕಾಣುತ್ತದೆ, ಆದರೆ ಕಾಲಿನ ಒತ್ತಡಕ್ಕೆ ಆಯಿಲ್ ಮುಂದೆ ಹೋಗುತ್ತದೆ, ವಾಪಸ್ ಬರಲು ಅದಕ್ಕೆ ಶಕ್ತಿ ಸಾಲದು. ಒಂದೇ ಚಕ್ರ ಹಿಡಿಯುತ್ತಿದ್ದರೆ ನನ್ನ ಮೊದಲ ಅನುಮಾನ ಹೋಸ್ ಮೇಲೆ, ಎಲ್ಲ ಚಕ್ರವೂ ಹಿಡಿದರೆ ಮಾಸ್ಟರ್ ಮೇಲೆ.

ಎಣ್ಣೆ ಸೇರಿದೆ ಅಂತ ಲೋಟ ಹೇಳಿತು ಅಂದರೆ ಮುಂದಿನ ಕೆಲಸ ದೊಡ್ಡದು, ಅದಕ್ಕೆ ಅಡ್ಡದಾರಿ ಇಲ್ಲ. ಡಬ್ಬಿ ಖಾಲಿ ಮಾಡಿ ಹೊಸ ಆಯಿಲ್ ಹಾಕಿದರೆ ಸಾಲದು. ಉಬ್ಬಿದ ರಬ್ಬರ್ ಇಳಿಯುವುದಿಲ್ಲ, ಇಳಿದರೂ ನಂಬುವ ಹಾಗಿಲ್ಲ. ಮಾಸ್ಟರ್ ಸಿಲಿಂಡರ್ ಕಿಟ್, ಎಲ್ಲ ವೀಲ್ ಸಿಲಿಂಡರ್ ಕಿಟ್‌ಗಳು, ಎಲ್ಲ ರಬ್ಬರ್ ಹೋಸ್‌ಗಳು, ಡಬ್ಬಿ ಮುಚ್ಚಳದ ರಬ್ಬರ್ ಸಮೇತ ಬದಲಾಗಬೇಕು. ಕಿಟ್ ತರುವಾಗ ಅಂಬಾಸಿಡರ್‌ನ ಮುಂದಿನ ಒಂದೊಂದು ಡ್ರಮ್ಮಿನಲ್ಲಿ ಎರಡೆರಡು ಸಿಲಿಂಡರ್ ಇವೆ ಅನ್ನುವುದನ್ನು ಮರೆಯಬೇಡಿ. ನಾನು ಮರೆತು ಎರಡು ಸಲ ಉಡುಪಿಗೆ ಹೋಗಿ ಬಂದೆ. ಕಬ್ಬಿಣದ ಪೈಪುಗಳನ್ನು ಹೊಸ ಬ್ರೇಕ್ ಆಯಿಲ್‌ನಿಂದ ಅಥವಾ ಬ್ರೇಕ್ ಕ್ಲೀನರ್‌ನಿಂದ ತೊಳೆದು ಗಾಳಿ ಹೊಡೆಸಿ. ಸಿಲಿಂಡರ್ ಬಿಚ್ಚಿದ ಕೂಡಲೇ ಪೆಟ್ರೋಲ್ ಡಬ್ಬಿಗೆ ಮುಳುಗಿಸುವ ಅಭ್ಯಾಸ ನಮ್ಮ ಕಡೆ ಬಹಳ ಇದೆ. ಪಕ್ಕದಲ್ಲೇ ನಿಂತು, ಬೇಡ ಅಣ್ಣ, ಅಂತ ಹೇಳಿ. ಕಪ್ಪು ಕೂರಿಸುವಾಗ ಹಚ್ಚುವುದೂ ಬ್ರೇಕ್ ಆಯಿಲ್ಲೇ. ಬೇರಿಂಗ್ ಗ್ರೀಸ್ ಹಚ್ಚಿದರೆ ಮತ್ತೆ ಎಣ್ಣೆ ಹಾಕಿದ ಹಾಗೇ.

ಪೆಡಲ್ ಮೆತ್ತಗಾದರೆ

ಇದು ಹಿಡಿಯುವುದರ ಉಲ್ಟಾ, ಮತ್ತು ಇದು ಜಾಸ್ತಿ ಅಪಾಯ. ಮೆತ್ತಗೆ ಅನ್ನುವುದರಲ್ಲೂ ನಾಲ್ಕು ಬಗೆ ಇದೆ, ಕಾಲಿಗೆ ವ್ಯತ್ಯಾಸ ಗೊತ್ತಾಗುತ್ತದೆ.

ಗಾಡಿ ತಣ್ಣಗಿರುವಾಗಲೂ ಸ್ಪಂಜಿನ ಹಾಗೆ ಇದ್ದು, ಎರಡು ಮೂರು ಸಲ ಪಂಪ್ ಮಾಡಿದರೆ ಮೇಲೆ ಬಂದರೆ ಲೈನಿನಲ್ಲಿ ಗಾಳಿ ಇದೆ. ಸ್ಪಂಜಿನ ಹಾಗೆ ಇಲ್ಲ, ಆದರೆ ಪಂಪ್ ಮಾಡಿದರೆ ಮೇಲೆ ಬರುತ್ತದೆ ಅಂದರೆ ಶೂ ಮೇಲಿನ ಉಜ್ಜುವ ಪಟ್ಟಿ, ಅಂದರೆ ಲೈನರ್, ಸವೆದು ಡ್ರಮ್ಮಿಗೂ ಶೂಗೂ ಅಂತರ ಜಾಸ್ತಿ ಆಗಿದೆ, ಅಡ್ಜಸ್ಟ್ ಮಾಡಿಸಿ. ಸಿಗ್ನಲ್‌ನಲ್ಲಿ ಒತ್ತಿ ಹಿಡಿದಾಗ ಪೆಡಲ್ ನಿಧಾನವಾಗಿ ಕೆಳಕ್ಕೆ ಮುಳುಗಿದರೆ ಆಯಿಲ್ ಎಲ್ಲೋ ಸೋರುತ್ತಿದೆ, ಅಥವಾ ಹೊರಗೆ ಒಂದು ಹನಿ ಇಲ್ಲ, ಲೆವೆಲ್ಲೂ ಇಳಿದಿಲ್ಲ ಅಂದರೆ ಮಾಸ್ಟರ್‌ನ ಕಪ್ಪು ಒಳಗೊಳಗೇ ಬಿಟ್ಟುಕೊಡುತ್ತಿದೆ. ಹಳೆಯ ಅನೇಕ ಗಾಡಿಗಳಲ್ಲಿ ನಾಲ್ಕೂ ಚಕ್ರಕ್ಕೆ ಲೈನ್ ಒಂದೇ. ಒಂದು ಕಡೆ ಸೋರಿ ಖಾಲಿಯಾದರೆ ನಾಲ್ಕೂ ಹೋಯಿತು. ಹೀಗೆ ಮುಳುಗುವ ಪೆಡಲ್ ಇಟ್ಟುಕೊಂಡು ನಾಳೆ ನೋಡೋಣ ಅಂತ ಓಡಿಸಬೇಡಿ.

ನಾಲ್ಕನೆಯದು ಘಾಟಿಯಲ್ಲಿ ಮಾತ್ರ ಬರುತ್ತದೆ. ಆಗುಂಬೆಯ 14 ತಿರುವು ಇಳಿಯುವಾಗ ಪದೇ ಪದೇ ಬ್ರೇಕ್ ಒತ್ತಿ, ಎಂಟೋ ಒಂಬತ್ತೋ ತಿರುವಿಗೆ ಪೆಡಲ್ ಇದ್ದಕ್ಕಿದ್ದಂತೆ ನೆಲಕ್ಕೆ ಹೋಗುತ್ತದೆ. ಅರ್ಧ ಗಂಟೆ ನಿಂತರೆ ಏನೂ ಆಗಿಲ್ಲ ಅನ್ನುವ ಹಾಗೆ ಸರಿ. ಕೆಳಗೆ ಬಂದು ಮೆಕ್ಯಾನಿಕ್‌ಗೆ ತೋರಿಸಿದರೆ ಎಲ್ಲ ಚೆನ್ನಾಗಿದೆ ಸಾರ್ ಅನ್ನುತ್ತಾರೆ, ಯಾಕಂದರೆ ಆಗ ನಿಜವಾಗಲೂ ಚೆನ್ನಾಗಿರುತ್ತದೆ. ಆದದ್ದು ಏನಂದರೆ ಆಯಿಲ್ ಒಳಗೇ ಕುದಿದಿದೆ. ಕುದಿದ ಆವಿ ಗಾಳಿಯ ಹಾಗೆ ಒತ್ತಿಸಿಕೊಳ್ಳುತ್ತದೆ, ಚಕ್ರಕ್ಕೆ ಶಕ್ತಿ ಹೋಗುವುದಿಲ್ಲ. ಇದನ್ನು ಲೈನರ್ ಬಿಸಿಯಾಗಿ ಹಿಡಿತ ಬಿಡುವುದರ ಜೊತೆ ಗೊಂದಲ ಮಾಡಿಕೊಳ್ಳಬೇಡಿ. ಲೈನರ್ ಬಿಸಿಯಾದರೆ ಪೆಡಲ್ ಗಟ್ಟಿಯಾಗೇ ಇರುತ್ತದೆ, ಗಾಡಿ ಮಾತ್ರ ನಿಲ್ಲುವುದಿಲ್ಲ.

ಕುದಿಯಲು ಕಾರಣ ನೀರು. ಗ್ಲೈಕಾಲ್ ಆಯಿಲ್ ಗಾಳಿಯ ತೇವ ಹೀರುತ್ತದೆ, ಮಳೆಗಾಲದ ಉಪ್ಪಿನ ಹಾಗೆ. ಡಾಟ್ 3 ಹೊಸದಾಗಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ಅದರಲ್ಲಿ ನೂರಕ್ಕೆ 3.7 ಭಾಗ ನೀರು ಸೇರಿತೋ, ಆ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ಕ್ಕೆ ಇದೇ ಲೆಕ್ಕ 230 ಮತ್ತು 155. ಡಾಟ್ 5.1ಕ್ಕೆ 260 ಮತ್ತು 180. ಕರಾವಳಿಯಲ್ಲಿ, ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುವಾಗ ಡಬ್ಬಿಯ ಮುಚ್ಚಳದ ಸಣ್ಣ ತೂತಿನಿಂದ, ಹೋಸ್‌ನ ರಬ್ಬರಿನ ಮೂಲಕ ಎಷ್ಟು ತೇವ ಒಳಗೆ ಹೋಗಬಹುದು ಯೋಚಿಸಿ. ಎರಡು ವರ್ಷಕ್ಕೊಮ್ಮೆ ಬದಲಿಸಿ ಅನ್ನುವುದು ಒಣ ಊರಿಗೆ ಸರಿ. ನಾನು ಉಡುಪಿ ಕಡೆಯವನು, ಪ್ರತಿ ವರ್ಷ ಮಳೆ ಮುಗಿದ ಮೇಲೆ ನವೆಂಬರ್‌ನಲ್ಲಿ ಬದಲಿಸುತ್ತೇನೆ. ಮಳೆಗೆ ಮೊದಲು ಬದಲಿಸಿದರೆ ಹೊಸ ಆಯಿಲ್ಲೇ ನಾಲ್ಕು ತಿಂಗಳು ತೇವ ಕುಡಿಯುತ್ತದೆ, ಅಲ್ವಾ.

ಹಾಗಾದರೆ ಯಾವುದು ಹಾಕಬೇಕು? ಅಂಬಾಸಿಡರ್‌ಗೆ, ಪದ್ಮಿನಿಗೆ ಡಾಟ್ 4, ಒಳ್ಳೆ ಕಂಪನಿಯದು, ಸೀಲ್ ಒಡೆಯದ ಬಾಟಲಿ. ಡಾಟ್ 3 ಇದ್ದ ಗಾಡಿಗೆ ಡಾಟ್ 4 ಸೇರಿಸಿದರೆ ತೊಂದರೆ ಇಲ್ಲ, ಎರಡೂ ಒಂದೇ ಜಾತಿ. 5.1 ಕೂಡ ಹೊಂದುತ್ತದೆ, ಆದರೆ ಅದು ತೆಳುವಾಗಿರುವುದು ಎಬಿಎಸ್ ಇರುವ ಗಾಡಿಗಳಿಗೆ ಅನುಕೂಲವಾಗಲಿ ಅಂತ. ನಮ್ಮ ಡ್ರಮ್ಮಿಗೆ ಜಾಸ್ತಿ ದುಡ್ಡು ಕೊಟ್ಟು ಅದನ್ನು ತರುವ ಅಗತ್ಯ ಇಲ್ಲ. ಡಾಟ್ 5 ಮತ್ತು 5.1 ಹೆಸರಿನಲ್ಲಿ ಮಾತ್ರ ಅಣ್ಣತಮ್ಮ, ಒಂದು ಸಿಲಿಕೋನ್, ಇನ್ನೊಂದು ಗ್ಲೈಕಾಲ್. ಒಂದಕ್ಕೊಂದು ಬೆರೆಸಲೇಬಾರದು. ಸಿಲಿಕೋನ್ ತೇವ ಹೀರುವುದಿಲ್ಲ ಅಂತ ಖುಷಿಪಡುವವರಿದ್ದಾರೆ, ಆದರೆ ಒಳಗೆ ಬಂದ ನೀರು ಕರಗದೆ ಸಿಲಿಂಡರಿನ ತಗ್ಗಿನಲ್ಲಿ ಹೋಗಿ ನಿಲ್ಲುತ್ತದೆ, ಅಲ್ಲೇ ತುಕ್ಕು ಹಿಡಿಯುತ್ತದೆ. ದಿನಾ ಓಡುವ ಗಾಡಿಗೆ ನಾನು ಅದನ್ನು ಹೇಳುವುದಿಲ್ಲ.

ಇನ್ನೊಂದು ಮಾತು, ಕಳೆದ ವರ್ಷ ಅರ್ಧ ಉಳಿದ ಬಾಟಲಿ ಶೆಡ್ಡಿನಲ್ಲಿದೆ ಅಂತ ಅದನ್ನು ಹಾಕಬೇಡಿ. ಸಣ್ಣ ಬಾಟಲಿಗಳನ್ನೇ ತಂದು ಒಂದೊಂದಾಗಿ ಒಡೆಯಿರಿ. ಏರ್ ತೆಗೆಯುವಾಗ ಮಾಸ್ಟರ್‌ನಿಂದ ದೂರದ ಚಕ್ರದಿಂದ ಶುರು ಮಾಡಿ, ನಮ್ಮ ಬಲಗಡೆ ಸ್ಟೀರಿಂಗಿನ ಗಾಡಿಗಳಲ್ಲಿ ಅದು ಹಿಂದಿನ ಎಡಗಡೆ. ಪೇಂಟ್ ಮೇಲೆ ಚೆಲ್ಲಿದರೆ ಒರೆಸಲು ಹೋಗಬೇಡಿ, ಮೊದಲು ನೀರು ಸುರಿಯಿರಿ. ನೀರಿಗೆ ಕರಗುವ ಗುಣ ಇಲ್ಲಿ ಉಪಕಾರಕ್ಕೆ ಬರುತ್ತದೆ.

ಹಿಂದಿನ ಚಕ್ರ ಒದ್ದೆ ಆಗಿದ್ದರೆ

ಬ್ರೇಕ್ ವಿಚಾರ ಕ್ರೌನ್ ವಿಚಾರಕ್ಕೆ ಸೇರುವುದು ಇಲ್ಲೇ. ಹಿಂದಿನ ಟೈರಿನ ಒಳಮುಖದಲ್ಲಿ ಜಿಡ್ಡು ಕಾಣುತ್ತದೆ, ಬ್ರೇಕ್ ಒಂದು ಕಡೆ ಎಳೆಯುತ್ತದೆ. ಡ್ರಮ್ ಬಿಚ್ಚಿದರೆ ಲೈನರ್ ಒದ್ದೆ. ವೀಲ್ ಸಿಲಿಂಡರ್ ಸೋರಿದ್ದಾ, ಇಲ್ಲ ಆಕ್ಸಲ್ ಆಯಿಲ್ ಸೀಲ್ ಹೋಗಿ ಕ್ರೌನ್ ಆಯಿಲ್ ಬಂದಿದ್ದಾ? ಬೆರಳಿಗೆ ಒತ್ತಿಕೊಂಡು ಮತ್ತೆ ಅದೇ ಲೋಟದ ನೀರಿಗೆ ಅದ್ದಿ. ಬ್ರೇಕ್ ಆಯಿಲ್ ಆದರೆ ತೊಳೆದುಹೋಗುತ್ತದೆ. ಗೇರ್ ಆಯಿಲ್ ಆದರೆ ಬೆರಳು ಜಾರುತ್ತಲೇ ಇರುತ್ತದೆ, ಮೂಗಿನ ಹತ್ತಿರ ತಂದರೆ ಗಂಧಕದ ವಾಸನೆ, ಒಮ್ಮೆ ಮೂಸಿದರೆ ಮರೆಯುವುದಿಲ್ಲ.

ಗೇರ್ ಆಯಿಲ್ ಅಂತ ಗೊತ್ತಾದ ಮೇಲೂ ಸೀಲ್ ಬದಲಿಸಿ ಸುಮ್ನೆ ಕೂರಬೇಡಿ. ಕ್ರೌನ್ ಕೂತಿರುವ ಹೌಸಿಂಗ್ ಮೇಲೆ ಗಾಳಿ ಆಡುವ ಒಂದು ಸಣ್ಣ ತೂತು, ಬ್ರೀದರ್, ಇದೆ, ಕೆಸರು ತುಂಬಿ ಮುಚ್ಚಿರುತ್ತದೆ. ಓಡಿ ಬಿಸಿಯಾದಾಗ ಒಳಗಿನ ಗಾಳಿ ಹಿಗ್ಗಿ ಹೊರಗೆ ಹೋಗಲು ದಾರಿ ಇಲ್ಲದೆ ಆಯಿಲನ್ನು ಸೀಲ್ ಮೂಲಕ ಡ್ರಮ್ಮಿಗೆ ತಳ್ಳುತ್ತದೆ. ಹೊಸ ಸೀಲ್ ಹಾಕಿದ ತಿಂಗಳಿಗೇ ಮತ್ತೆ ಸೋರುತ್ತಿದೆ ಅನ್ನುವವರು ಮೊದಲು ಈ ಬ್ರೀದರ್‌ಗೆ ಒಂದು ತಂತಿ ಆಡಿಸಿ ನೋಡಿ. ಲೆವೆಲ್ ಮೀರಿ ಆಯಿಲ್ ತುಂಬಿದ್ದರೂ ಇದೇ ಕಥೆ. ಆಯಿಲ್ ಕುಡಿದ ಲೈನರ್ ಮಾತ್ರ ಬದಲಿಸಿಬಿಡಿ, ಸುಟ್ಟು ಒರೆಸಿ ಮತ್ತೆ ಹಾಕುವುದು ಬೇಡ.

ಕ್ರೌನ್ ಸದ್ದು ಮತ್ತು ಅದರ ಆಯಿಲ್

ಸದ್ದು ಬಂತು ಅಂದ ಕೂಡಲೇ ಕ್ರೌನ್ ಪಿನಿಯನ್ (ಕ್ರೌನು ಮತ್ತು ಅದನ್ನು ತಿರುಗಿಸುವ ಸಣ್ಣ ಗೇರು) ಹೋಯಿತು ಅಂತ ಹೇಳುವವರು ಜಾಸ್ತಿ. ಸದ್ದು ಯಾವಾಗ ಬರುತ್ತದೆ ಅಂತ ಮೊದಲು ಕೇಳಿಸಿಕೊಳ್ಳಿ. ಆಕ್ಸಿಲರೇಟರ್ ಒತ್ತಿದಾಗ ಗುಂಯ್ ಅಂದು ಬಿಟ್ಟಾಗ ನಿಂತರೆ, ಅಥವಾ ಬಿಟ್ಟಾಗ ಮಾತ್ರ ಬಂದರೆ ಕ್ರೌನ್ ಪಿನಿಯನ್ ಹಲ್ಲು ಇಲ್ಲವೇ ಪಿನಿಯನ್ ಬೇರಿಂಗ್. ಒತ್ತಿದರೂ ಬಿಟ್ಟರೂ ನ್ಯೂಟ್ರಲ್ ಮಾಡಿದರೂ ಒಂದೇ ಸಮ ಬಂದರೆ ಹಬ್ ಬೇರಿಂಗ್ ಅಥವಾ ಟೈರು. ತಿರುವಿನಲ್ಲಿ ಮಾತ್ರ ಬಂದರೆ ಒಳಗಿನ ಸಣ್ಣ ಗೇರುಗಳು. ಗಾಡಿ ಬಿಡುವಾಗ ಟಕ್ ಅಂದರೆ ಮೊದಲು ಗೇರ್‌ಬಾಕ್ಸಿನಿಂದ ಹಿಂದಕ್ಕೆ ಹೋಗುವ ಶಾಫ್ಟಿನ ಕ್ರಾಸ್, ಅಂದರೆ ಕೀಲು, ಅಲ್ಲಾಡಿಸಿ ನೋಡಿ. ಯಾವುದೇ ಇರಲಿ, ಬಿಚ್ಚುವ ಮೊದಲು ಆಯಿಲ್ ಎಷ್ಟಿದೆ, ಏನಿದೆ ನೋಡಬೇಕು.

ಗಾಡಿ ಸಮವಾಗಿ ನಿಂತಿರಬೇಕು, ಮುಂದೆ ಮಾತ್ರ ಎತ್ತಿದರೆ ಲೆವೆಲ್ ಸುಳ್ಳು ಹೇಳುತ್ತದೆ. ಮೊದಲು ತುಂಬುವ ಬೋಲ್ಟ್ ಬಿಚ್ಚಿ, ಆಮೇಲೆ ಕೆಳಗಿನದು. ಇದು ಚಿಕ್ಕ ಮಾತಲ್ಲ: ಕೆಳಗಿಂದ ಎಲ್ಲ ಇಳಿಸಿದ ಮೇಲೆ ಮೇಲಿನ ಬೋಲ್ಟ್ ತುಕ್ಕು ಹಿಡಿದು ಬರಲಿಲ್ಲ ಅಂದರೆ ಗಾಡಿ ಅಲ್ಲೇ ಕೂತಿತು. ತುಂಬುವ ತೂತಿಗೆ ಕಿರುಬೆರಳು ಹಾಕಿದರೆ ಅಂಚಿನಲ್ಲೇ ಆಯಿಲ್ ತಾಗಬೇಕು. ಓಡಿಸಿ ಬಿಸಿಯಾದ ಮೇಲೆ ಇಳಿಸಿದರೆ ಎಲ್ಲ ಚೆನ್ನಾಗಿ ಬರುತ್ತದೆ. ಇಳಿದದ್ದನ್ನು ಬಿಳಿ ಡಬ್ಬಿಯಲ್ಲಿ ಹಿಡಿಯಿರಿ. ಮಜ್ಜಿಗೆ ಬಣ್ಣ ಇದ್ದರೆ ನೀರು ಸೇರಿದೆ. ಬಿಸಿ ಹೌಸಿಂಗ್ ತಣ್ಣೀರಿನಲ್ಲಿ ಮುಳುಗಿದಾಗ ಒಳಗಿನ ಗಾಳಿ ಕುಗ್ಗಿ ಬ್ರೀದರ್‌ನಿಂದ ನೀರು ಎಳೆದುಕೊಳ್ಳುತ್ತದೆ, ತುಂಬಿದ ಹಳ್ಳ ದಾಟಿದ ಗಾಡಿಗಳಲ್ಲಿ ನೋಡಿದ್ದೇನೆ. ಬೋಲ್ಟಿಗೆ ಅಂಟಿದ ಬೂದು ಬಣ್ಣದ ನುಣುಪು ಲೇಪ ಸಹಜ. ಉಗುರಿಗೆ ಸಿಗುವ ಚಕ್ಕೆ ಸಿಕ್ಕರೆ ಮಾತ್ರ ಬಿಚ್ಚಲೇಬೇಕು.

ಈಗ ಆಯಿಲ್ ಆರಿಸುವ ಮಾತು. ಅಂಗಡಿಯಲ್ಲಿ "90 ಕೊಡಿ" ಅಂದರೆ ಅರ್ಧ ಮಾತ್ರ ಹೇಳಿದ ಹಾಗೆ. 90 ಅನ್ನುವುದು ದಪ್ಪ ಎಷ್ಟು ಅಂತ, ಅಷ್ಟೇ. ಗೇರ್ ಆಯಿಲ್‌ನ ಅಳತೆಗೋಲೇ ಬೇರೆ, 90ರ ಗೇರ್ ಆಯಿಲ್ ಇಂಜಿನ್ ಆಯಿಲ್‌ನ 40, 50ರಷ್ಟೇ ದಪ್ಪ. ಇನ್ನರ್ಧ ಮಾತು ಜಿಎಲ್ ನಂಬರ್, ಅಂದರೆ ಎಣ್ಣೆಯ ಮದ್ದು ಎಷ್ಟು ಜೋರು ಅಂತ ಹೇಳುವ ದರ್ಜೆ. ಅಂಬಾಸಿಡರ್‌ನ ಕ್ರೌನ್ ಹೈಪಾಯ್ಡ್ ಜಾತಿಯದು, ಪಿನಿಯನ್ ಕ್ರೌನಿನ ಮಧ್ಯಕ್ಕಿಂತ ಕೆಳಗೆ ಕೂತಿರುತ್ತದೆ. ಹಾಗಾಗಿ ಹಲ್ಲುಗಳು ಒಂದರ ಮೇಲೊಂದು ಉರುಳುವುದರ ಜೊತೆ ಉದ್ದಕ್ಕೂ ಜಾರುತ್ತವೆ. ಆ ಜಾರಾಟದಲ್ಲಿ ಬರೀ ಎಣ್ಣೆ ಹಿಂಡಿ ಹೊರಗೆ ಹೋಗುತ್ತದೆ, ಉಕ್ಕಿಗೆ ಉಕ್ಕು ತಾಗುತ್ತದೆ. ಗಂಧಕ ಮತ್ತು ರಂಜಕ ಸೇರಿಸಿದ ಇಪಿ (ಅತಿ ಒತ್ತಡ ತಾಳುವ) ಆಯಿಲ್ ಬೇಕಾಗುವುದು ಅದಕ್ಕೆ, ಅದು ಹಲ್ಲಿನ ಮೇಲೆ ಪೊರೆ ಕಟ್ಟುತ್ತದೆ. ಜಿಎಲ್-5ರಲ್ಲಿ ಈ ಮದ್ದು ಜಾಸ್ತಿ. ನನ್ನ ಕ್ರೌನಿಗೆ ನಾನು ಹಾಕುವುದು ಜಿಎಲ್-5, 90 ಅಥವಾ 80ಡಬ್ಲ್ಯು-90. ನಮ್ಮ ಹವೆಗೆ ಎರಡೂ ನಡೆಯುತ್ತದೆ.

ಅದೇ ಬಕೆಟ್‌ನಿಂದ ಗೇರ್‌ಬಾಕ್ಸಿಗೂ ಸುರಿಯುವುದು ಮಾತ್ರ ಬೇಡ. ಗೇರ್‌ಬಾಕ್ಸಿನೊಳಗೆ ಗೇರ್ ಸಲೀಸಾಗಿ ಬೀಳಲು ಇರುವ ಸಿಂಕ್ರೊ ರಿಂಗ್‌ಗಳು ಹಿತ್ತಾಳೆ ಜಾತಿಯವು. ಜಿಎಲ್-5ರ ಜೋರಾದ ಗಂಧಕ ಹಿತ್ತಾಳೆಯನ್ನು ಮೆಲ್ಲಗೆ ತಿನ್ನಬಹುದು, ಗೇರ್ ಬೀಳುವಾಗ ಕಿರ್ ಅನ್ನಲು ಶುರುವಾಗುತ್ತದೆ. ಅಲ್ಲಿಗೆ ಕೈಪಿಡಿ ಏನು ಹೇಳುತ್ತದೋ ಅದು, ಗೇರ್ ಆಯಿಲ್ ಅಂದಿದ್ದರೆ ಜಿಎಲ್-4. ಪೂಜೋ 404ರ ಹಾಗೆ ಕ್ರೌನಿನ ಬದಲು ಕಂಚಿನ ವರ್ಮ್ ಚಕ್ರ ಇರುವ ಗಾಡಿ ನಿಮ್ಮ ಹತ್ತಿರ ಇದ್ದರೆ ಹಿಂದಕ್ಕೂ ಜಿಎಲ್-5 ಬೇಡ.

ಸದ್ದು ಕಮ್ಮಿ ಆಗಲಿ ಅಂತ 140 ಹಾಕುವ ಸಲಹೆ ನಿಮಗೂ ಬರುತ್ತದೆ. ಸದ್ದು ಕಮ್ಮಿ ಆಗುವುದು ನಿಜ, ನಾನೂ ಹಾಕಿ ನೋಡಿದ್ದೇನೆ. ಆದರೆ ಸವೆದ ಹಲ್ಲು ಸವೆಯುತ್ತಲೇ ಇರುತ್ತದೆ, ನಮಗೆ ಕೇಳಿಸುವುದಿಲ್ಲ ಅಷ್ಟೇ. ಹಳೆಯ ಗಾಡಿ ಕೊಳ್ಳುವಾಗ ಹೌಸಿಂಗಿನಲ್ಲಿ ಗ್ರೀಸಿನಂಥ ದಪ್ಪ ಆಯಿಲ್ ಸಿಕ್ಕರೆ, 90 ಹಾಕಿಸಿ ಒಂದು ಸುತ್ತು ಓಡಿಸಿದ ಮೇಲೇ ಬೆಲೆ ಮಾತಾಡಿ.

ನನ್ನ ಗಾಡಿಗೆ ಎಲ್ಲ ರಬ್ಬರ್ ಬದಲಿಸಿ, ಡಾಟ್ 4 ಹಾಕಿ, ಬ್ರೀದರ್ ಬಿಡಿಸಿ, ಕ್ರೌನ್ ಆಯಿಲ್ ಬದಲಿಸಲು ಎರಡು ವಾರ ಹಿಡಿಯಿತು. ಆಮೇಲೆ ಮಾವನನ್ನು ಕೂರಿಸಿಕೊಂಡು ಮತ್ತೆ ಆಗುಂಬೆ ಹತ್ತಿದೆ. ಹತ್ತುವಾಗ ಬ್ರೇಕ್ ಹೆಚ್ಚು ಒತ್ತುವುದಿಲ್ಲವಲ್ಲ, ಹಾಗಾಗಿ ಮೇಲೆ ತಲುಪಿದಾಗ ಯಾವ ಹಬ್ ಬಿಸಿ ಇದೆಯೋ ಅದು ಸುಮ್ನೆ ಉಜ್ಜುತ್ತಿದೆ ಅಂತ ಲೆಕ್ಕ. ಸೂರ್ಯಾಸ್ತ ನೋಡುವ ಜಾಗದಲ್ಲಿ ನಿಲ್ಲಿಸಿ ನಾಲ್ಕಕ್ಕೂ ಅಂಗೈ ಇಟ್ಟು ನೋಡಿದೆ. ಮುಂದಿನ ಎರಡೂ ತಣ್ಣಗೆ. ಹಿಂದಿನ ಬಲಗಡೆ ತಣ್ಣಗೆ. ಎಡಗಡೆ ಮಾತ್ರ ಸ್ವಲ್ಪ ಬೆಚ್ಚಗಿತ್ತು. ಅದು ಹ್ಯಾಂಡ್‌ಬ್ರೇಕ್ ಕೇಬಲ್ ಇರಬೇಕು, ಭಾನುವಾರ ಬಿಚ್ಚಿ ನೋಡುತ್ತೇನೆ.